ಎಡಗಡೆಯ ವೈಪರ್

ನಮ್ಮನೆಯವರು ಒಂದೇ ಮಳೆಗಾಲದಲ್ಲಿ ನಾಲ್ಕು ಸಲ ವ್ಯಾನಿನ ವೈಪರ್ ಬಿಚ್ಚಿ ಏನೇನೋ ಬದಲಾಯಿಸಿದರು. ಮೊದಲ ಎರಡು ಸಲ ನನಗೆ ಬರೀ ಸಿಟ್ಟು ಬಂತು. ಮೂರನೆಯ ಸಲ ಹಿಡಿದ ಭಯ ಮಾತ್ರ ಆ ಮಳೆಗಾಲ ಪೂರ್ತಿ ನನ್ನನ್ನು ಬಿಡಲಿಲ್ಲ. ಉಣ್ಣುವಾಗ, ನೀರು ಸೇದುವಾಗ, ಫ್ಯಾಕ್ಟರಿಯಲ್ಲಿ ತಂತಿ ಸುತ್ತುವಾಗ, ಯಾವಾಗಲೂ ಜೊತೆಗೇ ಇರುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಬಾಗಿಲಿಗೆ ನೀರು ಹಾಕುವ ಮೊದಲು ಆಕಾಶ ನೋಡುವುದು ನನಗೆ ಆಗ ಹತ್ತಿದ ಚಾಳಿ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾವಿದ್ದದ್ದು ದಾಸರಹಳ್ಳಿಯಲ್ಲಿ. ಈಗ ಅಲ್ಲಿ ಕಾಲಿಡಲು ಜಾಗವಿಲ್ಲ, ಆದರೆ ಆಗ ನಮ್ಮ ಹಿತ್ತಲು ದಾಟಿದರೆ ರಾಗಿ ಹೊಲ ಸಿಗುತ್ತಿತ್ತು. ಮಾವನವರ ಕಾಲದ ಜಮೀನಿನಲ್ಲಿ ಮುಕ್ಕಾಲು ಪಾಲು ಪೀಣ್ಯದ ಕಾರ್ಖಾನೆಗಳ ಕೆಳಗೆ ಹೋಗಿತ್ತು. ಪರಿಹಾರ ಬಂದಾಗ ನಮ್ಮನೆಯವರು ಒಂದು ಹಳೆಯ ಡೀಸೆಲ್ ವ್ಯಾನು ತಂದರು. ದನಗಳನ್ನು ಮಾರಿದ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆಯನ್ನೇ ವರ್ಕ್‌ಶಾಪ್ ಮಾಡಿಕೊಂಡರು. ಗೋದಲಿಯ ಮೇಲೆ ಹಲಗೆ ಬಡಿದು ಕಬ್ಬಿಣ ಹಿಡಿಯುವ ವೈಸ್ ಕೂರಿಸಿದರು, ಗೋಡೆಗೆ ಸಾಲಾಗಿ ಮೊಳೆ ಹೊಡೆದು ಸ್ಪ್ಯಾನರುಗಳನ್ನು ನೇತುಹಾಕಿದರು. ಮದುವೆಗೆ ಮುಂಚೆ ಅವರು ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಮೇಲಿನವರ ಯಾವುದೋ ಮಾತು ಸಹಿಸದೆ ಬಿಟ್ಟು ಬಂದಿದ್ದರು. ತನ್ನ ಗಾಡಿಯ ಮೇಲೆ ಇನ್ನೊಬ್ಬ ಮೆಕ್ಯಾನಿಕ್ ಕೈಯಿಟ್ಟರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವ್ಯಾನಿನಲ್ಲಿ ಅವರು ಹದಿನಾಲ್ಕು ಹೆಣ್ಣುಮಕ್ಕಳನ್ನು ಬೆಳಿಗ್ಗೆ ಪೀಣ್ಯದ ಒಂದು ಫ್ಯಾಕ್ಟರಿಗೆ ಬಿಡುತ್ತಿದ್ದರು, ಸಂಜೆ ಐದೂವರೆಗೆ ವಾಪಸ್ ಕರೆತರುತ್ತಿದ್ದರು. ಹದಿನೈದನೆಯವಳು ನಾನು. ಹುಡುಗಿಯರೆಲ್ಲ ನಮ್ಮೂರಿನವರು, ಆಚೆಯ ಎರಡು ಹಳ್ಳಿಯವರು. ಹದಿನೆಂಟು, ಇಪ್ಪತ್ತು ವರ್ಷದವರು. ಹೆಣ್ಣುಮಗಳು ಫ್ಯಾಕ್ಟರಿಗೆ ಹೋಗುವುದೆಂದರೆ ಆ ಹಳ್ಳಿಗಳಲ್ಲಿ ಆಗ ಸಣ್ಣ ವಿಷಯವಲ್ಲ. ಬಸ್ಸಿನಲ್ಲಿ ಕಳಿಸಲು ಒಬ್ಬ ಅಪ್ಪನೂ ಒಪ್ಪುತ್ತಿರಲಿಲ್ಲ. ನಮ್ಮನೆಯವರು ಮನೆಮನೆಗೆ ಹೋಗಿ, "ನನ್ನ ಹೆಂಡ್ತಿನೂ ಅದೇ ಗಾಡೀಲಿ ಬತ್ತಾಳೆ, ಅದೇ ಫ್ಯಾಕ್ಟ್ರೀಲಿ ಕೆಲ್ಸ ಮಾಡ್ತಾಳೆ" ಎಂದು ಹೇಳಿದ ಮೇಲೆ ಒಪ್ಪಿದರು. ಒಬ್ಬ ಹುಡುಗಿಯ ಅಪ್ಪನಂತೂ ದಾರಿಯಲ್ಲಿ ಸಿಕ್ಕಾಗಲೆಲ್ಲ ಕೈ ಹಿಡಿದುಕೊಂಡು, "ನಿನ್ನ ಮಕ ನೋಡ್ಕೊಂಡು ಕಳುಸ್ತಾ ಇವ್ನಿ ಕಣಪ್ಪ" ಎನ್ನುತ್ತಿದ್ದ. ಈ ಗಾಡಿ ನಿಂತರೆ ಹದಿನಾಲ್ಕೂ ಜನ ಮಾರನೇ ದಿನದಿಂದ ಮನೆಯಲ್ಲಿ ಕೂರುತ್ತಾರೆ ಎಂಬುದು ನಮಗೆಲ್ಲ ಗೊತ್ತಿತ್ತು.

ವ್ಯಾನಿಗೆ ಇದ್ದದ್ದು ಒಂದೇ ವೈಪರ್, ಡ್ರೈವರ್ ಕಡೆ. ಮುಂಗಾರಿನ ಮೊದಲ ಮಳೆಗೇ ಅವರ ಗೊಣಗಾಟ ಶುರುವಾಯಿತು. ಗಾಜು ಸರಿಯಾಗಿ ಒರೆಸುತ್ತಿಲ್ಲವಂತೆ. ಭಾನುವಾರ ಬ್ಲೇಡಿನ ರಬ್ಬರು ಕಿತ್ತು, ಸೈಕಲ್ ಟ್ಯೂಬನ್ನು ಸೀಳಿ ಕೂರಿಸಿದರು. ಮುಂದಿನ ಮಳೆಗೂ ಅದೇ ರಾಗ. ಮತ್ತೊಂದು ಭಾನುವಾರ ಎರಡು ಬ್ಲೇಡುಗಳನ್ನು ಜೋಡಿಸಿ ರಿವೆಟ್ ಹೊಡೆದು ಉದ್ದ ಮಾಡಿದರು. ಒರೆಸುವ ಜಾಗ ಜಾಸ್ತಿಯಾಯಿತೇ ಹೊರತು ಗೊಣಗಾಟ ಕಮ್ಮಿಯಾಗಲಿಲ್ಲ. ಆ ಕಡೆ ನನ್ನ ಹಿಟ್ಟು ರುಬ್ಬುವುದು ಬಾಕಿ, ಬಟ್ಟೆ ಬಾಕಿ, ಈ ಕಡೆ ಇವರು ನನ್ನನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿಕೊಂಡು ಅದು ಹಿಡಿ, ಇದು ಕೊಡು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಈ ವೈಪರನ್ನೇ ಕಟ್ಕೊಂಡು ಸಂಸಾರ ಮಾಡಿ, ನಾನು ತವರಿಗೆ ಹೋಗ್ತೀನಿ" ಎಂದು ಒಂದು ದಿನ ಕಿರುಚಿದ್ದೂ ಉಂಟು. ಅವರು ನಗಲಿಲ್ಲ. ಸಾಮಾನ್ಯವಾಗಿ ಆ ಮಾತಿಗೆ ನಗುತ್ತಿದ್ದರು.

ಮೂರನೆಯ ಸಲ ಗುಜರಿಯಿಂದ ಒಂದು ಮೋಟಾರು ತಂದರು. ಯಾವುದೋ ದೊಡ್ಡ ಲಾರಿಯದು. ಅದನ್ನು ಕೂರಿಸಿದ ಮೇಲೆ ಬ್ಲೇಡು ಹುಚ್ಚು ಹಿಡಿದ ಹಾಗೆ ಆ ಕಡೆ ಈ ಕಡೆ ಬಡಿದುಕೊಳ್ಳತೊಡಗಿತು. ಪರೀಕ್ಷೆ ಮಾಡಬೇಕಲ್ಲ. ನಾನು ಸ್ಟೂಲಿನ ಮೇಲೆ ನಿಂತು ಬಿಂದಿಗೆಯಿಂದ ಚೊಂಬು ಚೊಂಬು ನೀರು ತೆಗೆದು ಗಾಜಿನ ಮೇಲೆ ಸುರಿಯುವುದು, ಅವರು ಒಳಗೆ ಕೂತು ನೋಡುವುದು.

"ಈಗ?" ಎಂದು ಕೇಳಿದೆ.

"ಮಬ್ಬು ಕಣೇ. ಇನ್ನೊಸಿ ಹುಯ್ಯಿ."

ಹುಯ್ದೆ. "ಈಗ?"

"ಊಹೂಂ. ಒರೆಸ್ತಾನೇ ಇಲ್ಲ ಇದು."

ಒಂದು ಬಿಂದಿಗೆ ನೀರು ಖಾಲಿ. ನನ್ನ ಸೀರೆ ಮೊಣಕಾಲವರೆಗೆ ಒದ್ದೆ. ನೆತ್ತಿಗೇರಿತು ನನಗೆ. "ಇಳೀರಿ ಕೆಳಗೆ. ಅದೇನು ಮಬ್ಬೋ ನಾನೇ ನೋಡ್ತೀನಿ" ಎಂದು ಬಾಗಿಲು ತೆಗೆದೆ. ಅವರು ಒಂದು ಗಳಿಗೆ ಸ್ಟಿಯರಿಂಗ್ ಬಿಡಲಿಲ್ಲ. ಆಮೇಲೆ ಇಳಿದರು. ಆ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಅವರು ಹೊರಗಿನಿಂದ ನೀರು ಹುಯ್ದರು. ವೈಪರ್ ಎರಡು ಸಲ ಆಡಿತು.

ಎದುರಿಗೆ ಹೊಂಗೆ ಮರ ಇತ್ತು. ಮರದ ಕೆಳಗೆ ಪಕ್ಕದ ಮನೆಯವರ ಮೇಕೆ. ಮೇಕೆಯ ಕುತ್ತಿಗೆಯ ಹಗ್ಗ, ಆ ಹಗ್ಗಕ್ಕೆ ಹಾಕಿದ್ದ ಗಂಟು, ಗಂಟಿನಿಂದ ಆಚೆ ಬಂದಿದ್ದ ನಾರು, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಗಾಜು ಇದೆಯೋ ಇಲ್ಲವೋ ಅನ್ನುವಷ್ಟು ಚೊಕ್ಕಟ.

ಎದೆ ಧಸಕ್ಕೆಂದಿತು. ಗಾಜಿನಾಚೆ ಅವರು ಚೊಂಬು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ನೋಡುತ್ತಿದ್ದರೋ, ನನ್ನ ಮುಖ ಇರುವ ಕಡೆ ತಿರುಗಿದ್ದರೋ, ಯಾರಿಗೆ ಗೊತ್ತು. "ಹೆಂಗೈತೆ?" ಎಂದರು.

ನಾನು ಬಾಯಿಬಡುಕಿ. ಇದ್ದದ್ದನ್ನು ಇದ್ದ ಹಾಗೆ ಎದುರಿಗೆ ಹೇಳುವವಳು ಎಂದು ಅತ್ತೆಯವರ ಕಾಲದಿಂದಲೂ ಹೆಸರು. ಅವತ್ತು ಆ ಬಾಯಿಂದ ಬಂದದ್ದು, "ಹೌದು ಕಣ್ರೀ. ಮಬ್ಬೇ" ಎಂಬ ಮಾತು. ಯಾಕೆ ಹಾಗೆಂದೆ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೆದರಿದ್ದೆ, ಅಷ್ಟೇ. ಸರಿ ಇದೆ ಎಂದರೆ ಅದರ ಹಿಂದೆ ಇನ್ನೊಂದು ಮಾತು ಬರಬೇಕಿತ್ತು, ಆ ಮಾತನ್ನು ಕೇಳಲು ನನಗೆ ಧೈರ್ಯವಿರಲಿಲ್ಲ. ಅವರು ಉಸಿರು ಬಿಟ್ಟು, "ಅದೇ ನಾನು ಯೋಳಿದ್ದು" ಎಂದು ಚೊಂಬನ್ನು ಬಿಂದಿಗೆಯ ಮೇಲೆ ಮಗುಚಿ ಇಟ್ಟರು.

ಕಣ್ಣಿಗೆ ಪೊರೆ ಬರುತ್ತದೆ ಎಂಬುದು ಗೊತ್ತಿಲ್ಲದವಳಲ್ಲ ನಾನು. ಆದರೆ ಅದು ಮುದುಕರಿಗೆ ಬರುವುದು ಎಂದುಕೊಂಡಿದ್ದೆ. ಇವರಿಗೆ ಆಗ ನಲವತ್ತೆರಡು. ಎರಡು ದಿನ ಬಿಟ್ಟು ಕೊಟ್ಟಿಗೆ ಗುಡಿಸುವಾಗ ವೈಸಿನ ಪಕ್ಕ ಹಿಂಡಿ ಬಿಸಾಡಿದ ನಂದಿಬಟ್ಟಲು ಹೂವುಗಳು ಸಿಕ್ಕವು. ಏಳೆಂಟು ಹೂ. ನಮ್ಮ ಕಡೆ ಕಣ್ಣಿಗೆ ಏನಾದರೂ ಆದರೆ ಆ ಹೂವಿನ ರಸ ಬಿಟ್ಟುಕೊಳ್ಳುತ್ತಾರೆ. ನನ್ನ ಕಣ್ಣು ತಪ್ಪಿಸಿ ಬಿಟ್ಟುಕೊಳ್ಳುತ್ತಿದ್ದಾರೆ ಎಂದರೆ ಅವರಿಗೂ ಗೊತ್ತಿದೆ. ಹೂಗಳನ್ನು ಗುಡಿಸಿ ಒಲೆಗೆ ಹಾಕಿದೆ. ಏನೂ ಕೇಳಲಿಲ್ಲ.

ಕೇಳಬೇಕೆಂದು ಒಂದು ಸಲ ಸುತ್ತಿ ಬಳಸಿ ಪ್ರಯತ್ನ ಮಾಡಿದ್ದೆ. "ನಂಗೆ ಸೂಜಿಗೆ ದಾರ ಏರಿಸಕ್ಕಾಗ್ತಿಲ್ಲ ಕಣ್ರೀ. ಕಣ್ಣಾಸ್ಪತ್ರೆಗೆ ಹೋಗ್ಬರಾಣ, ನೀವೂ ಒಂದ್ಸಲ ತೋರಿಸ್ಕೊಂಡ್ರೆ ಆಯ್ತು" ಎಂದೆ.

"ನಿನ್ನ ಕಣ್ಣಿಗೇನು ದಾಡಿ? ಸಾಸಿವೇಲಿ ಕಲ್ಲು ಆರಿಸ್ತೀಯ" ಎಂದು ಎದ್ದು ಹೋದರು. ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಇತ್ತು.

ಆಮೇಲೆ ಬಂತು ಕಬ್ಬಿಣದ ಸರಳು ಹೊತ್ತ ಒಂದು ಕೈಗಾಡಿ. ಬೆಳಿಗ್ಗೆ ಏಳೂವರೆ, ಜಿಟಿಜಿಟಿ ಮಳೆ. ಪೀಣ್ಯದ ಒಳರಸ್ತೆಯಲ್ಲಿ ಆಗ ಕೈಗಾಡಿಗಳಲ್ಲೇ ಸರಳು ಸಾಗಿಸುತ್ತಿದ್ದರು. ಗಾಡಿಗಿಂತ ಸರಳು ಎರಡು ಮಾರು ಉದ್ದ, ಹಿಂದಕ್ಕೆ ಚಾಚಿಕೊಂಡಿರುತ್ತವೆ, ತುದಿಗೆ ಒಂದು ಕೆಂಪು ಬಟ್ಟೆಯ ಚೂರು ಕಟ್ಟಿರುತ್ತಾರೆ. ನಾನು ಎಂದಿನಂತೆ ಮುಂದೆ ಎಡಗಡೆ ಕೂತಿದ್ದೆ. ನನ್ನ ಕಡೆಯ ಗಾಜಿಗೆ ವೈಪರೇ ಇಲ್ಲ, ಬರೀ ನೀರು. ಗಾಳಿಗೆ ಎಂದು ಪಕ್ಕದ ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದ್ದರಿಂದ ಬದುಕಿದೆವು. ಸರಳುಗಳ ತುದಿ ಕಂಡಿತು. ನಮ್ಮ ಗಾಡಿ ಅದೇ ಸ್ಪೀಡಿನಲ್ಲಿ ಅವುಗಳ ಕಡೆಗೇ ಹೋಗುತ್ತಿತ್ತು. ಇನ್ನೇನು ಹಿಡಿಯುತ್ತಾರೆ, ಇನ್ನೇನು ಬ್ರೇಕು ಹಿಡಿಯುತ್ತಾರೆ ಎಂದು ನೋಡಿದೆ. ಹಿಡಿಯಲಿಲ್ಲ.

"ರೀ ಸರಳು! ಸರಳು!" ಎಂದು ಕಿರುಚಿಕೊಂಡೆ.

ನಿಂತಾಗ ಸರಳುಗಳಿಗೂ ಗಾಜಿಗೂ ಒಂದು ಗೇಣು ಇತ್ತೋ ಇಲ್ಲವೋ. ಕೆಂಪು ಬಟ್ಟೆ ಒದ್ದೆಯಾಗಿ ತೊಟ್ಟಿಕ್ಕುತ್ತಿತ್ತು. ಅವರು ಅದನ್ನು ಆಗ ಮೊದಲ ಸಲ ನೋಡಿದರು. ಅವರ ಮುಖ ಬಿಳುಚಿಕೊಂಡಿತ್ತು. ಹಿಂದಿನಿಂದ ಹುಡುಗಿಯರಲ್ಲಿ ಒಬ್ಬಳು, ಎಲ್ಲರಿಗಿಂತ ಮಾತು ಜಾಸ್ತಿ ಅವಳದು, "ಅಕ್ಕಾ, ನೀನು ಕೂಗಿದ್ದಕ್ಕೆ ನಮ್ಮ ಜೀವ ಹೋಯ್ತು, ಅಣ್ಣ ನೋಡ್ತಾನೇ ಇದ್ರು" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವಾಗ ಹಲ್ಲು ಕಟಕಟ ಅನ್ನುತ್ತಿತ್ತು, ಚಳಿಗೆ ಎಂದುಕೊಂಡರು.

ಅವತ್ತಿನಿಂದ ರಸ್ತೆಯಲ್ಲಿ ಕಂಡದ್ದನ್ನೆಲ್ಲ ನಾನು ಹೇಳುವುದಕ್ಕೆ ಶುರುಮಾಡಿದೆ. ಹೆಂಡತಿ ಗಂಡನ ತಲೆ ತಿನ್ನುವ ಧಾಟಿಯಲ್ಲೇ ಹೇಳುತ್ತಿದ್ದೆ, ಯಾರಿಗೂ ಅನುಮಾನ ಬರಬಾರದಲ್ಲ. "ರೀ, ಎಡಕ್ಕೆ ಗುಂಡಿ ಐತೆ, ನನ್ನ ಸೊಂಟ ಮುರೀಬೇಡಿ." "ಎದುರಿಗೆ ಲಾರಿ ಬತ್ತಾ ಐತೆ, ಅದಕ್ಕೇನು ಆರತಿ ಎತ್ತಬೇಕಾ, ಪಕ್ಕಕ್ಕೆ ತಗೊಳ್ಳಿ." "ಎರಡು ಸೈಕಲ್ಲು, ನಿಧಾನ." ಅವರೂ ಸರಿಯಾಗಿ ಆಟ ಕಟ್ಟಿದರು. "ನೀನೇ ಬಂದು ಓಡಿಸು ಅಂಗಾದ್ರೆ" ಎಂದು ಗದರುತ್ತಿದ್ದರು, ಗದರುತ್ತಲೇ ನಾನು ಹೇಳಿದ ಕಡೆಗೆ ತಿರುಗಿಸುತ್ತಿದ್ದರು. ಹುಡುಗಿಯರಿಗೆ ಅದೊಂದು ದಿನದಿನದ ತಮಾಷೆ. ನನಗೆ ಕಂಡಕ್ಟರಮ್ಮ ಎಂದು ಹೆಸರಿಟ್ಟರು. ನಾನು ಹತ್ತಿದ ಕೂಡಲೇ "ರೈಟ್ ರೈಟ್" ಎಂದು ಕೂಗುವುದು, ಅಣ್ಣನ ಪಾಡು ನೋಡಿ ಅಯ್ಯೋ ಪಾಪ ಎನ್ನುವುದು. ಅವರಲ್ಲಿ ಒಬ್ಬಳಿಗೆ ಮದುವೆ ಗೊತ್ತಾಗಿತ್ತು. ಇನ್ನೊಬ್ಬಳಿಗೆ ಅಪ್ಪನಿಲ್ಲ, ಮನೆಗೆ ಅವಳ ಸಂಬಳವೇ ಗತಿ. ಹಿಂತಿರುಗಿ ಅವರ ಮುಖ ನೋಡುವುದನ್ನೇ ಬಿಟ್ಟೆ. ನೋಡಲು ಬಿಡುವೂ ಇರಲಿಲ್ಲ, ರಸ್ತೆಯಿಂದ ಕಣ್ಣು ತೆಗೆದರೆ ಏನು ಗತಿ?

ನಾಲ್ಕನೆಯ ಕೆಲಸ ಶುರುವಾದದ್ದು ಆ ಸರಳಿನ ಗಾಡಿ ಆದ ಮರುಭಾನುವಾರ. ಎಡಗಡೆಗೂ ಒಂದು ವೈಪರ್ ಹಾಕುತ್ತೇನೆ ಎಂದರು.

"ಅಲ್ಲಿ ಯಾಕೆ? ಅಲ್ಲಿಂದ ಯಾರು ಗಾಡಿ ಓಡಿಸ್ತಾರೆ?" ಎಂದೆ.

"ಒಂದೇ ಇದ್ರೆ ಗಾಡಿ ಒಂಟಿ ಹುಬ್ಬಿನೋಳ ತರ ಕಾಣ್ತದೆ. ಎರಡಿದ್ರೆ ಲಕ್ಷಣ" ಎಂದು ಮುಖ ತಿರುಗಿಸಿಕೊಂಡರು.

ಗಾಜಿನ ಕೆಳಗಿನ ತಗಡಿಗೆ ತೂತು ಕೊರೆಯಬೇಕಿತ್ತು. ಕೈಯಲ್ಲಿ ತಿರುಗಿಸುವ ಡ್ರಿಲ್ಲು. ಜಾಗ ಅಳೆದು, ಮೊಳೆಯಿಂದ ಕುಟ್ಟಿ ಸಣ್ಣ ಗುರುತು ಮಾಡಿದ್ದರು. ಡ್ರಿಲ್ಲಿನ ಮೊನೆ ಇಟ್ಟದ್ದು ಆ ಗುರುತಿನಿಂದ ಒಂದು ಬೆರಳು ಪಕ್ಕಕ್ಕೆ. ಅವರ ಮುಂಗೈ ಹಿಡಿದು ಮೆಲ್ಲಗೆ ಸರಿಸಿದೆ. ಅವರು ಹೆಬ್ಬೆರಳಿನಿಂದ ಗುರುತನ್ನು ಸವರಿ ನೋಡಿಕೊಂಡು ಕೊರೆಯತೊಡಗಿದರು. ಕೊಟ್ಟಿಗೆಯಲ್ಲಿ ಡ್ರಿಲ್ಲಿನ ಕಿರ್ ಕಿರ್ ಬಿಟ್ಟರೆ ಬೇರೆ ಸದ್ದಿಲ್ಲ. ಫಿಟ್ಟರ್ ಆಗಿದ್ದಾಗ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕಬ್ಬಿಣವನ್ನು ವಾಪಸ್ ಎಸೆಯುತ್ತಿದ್ದ ಕೈ ಅದು. ನನಗೆ ಅಳು ಬಂತು. ಸೆರಗಿನಿಂದ ಮೂಗು ಒರೆಸಿಕೊಂಡು ಕಬ್ಬಿಣದ ಪುಡಿಗೆ ಸೀನು ಬರುತ್ತೆ ಎಂದೆ.

ಬಲಗಡೆಯ ಮೋಟಾರಿನಿಂದ ಎಡಕ್ಕೆ ಒಂದು ಕಡ್ಡಿ ಎಳೆದು, ಎರಡೂ ವೈಪರ್ ಒಟ್ಟಿಗೆ ಆಡುವ ಹಾಗೆ ಕೀಲು ಮಾಡಿದರು. ಸೊಗಸಾದ ಕೆಲಸ, ಸುಳ್ಳು ಹೇಳಬಾರದು. ಪರೀಕ್ಷೆಯ ಹೊತ್ತಿಗೆ ನಾನು ರೂಢಿಯಂತೆ ಚೊಂಬು ಹಿಡಿದು ಸ್ಟೂಲು ಹತ್ತಿದೆ. ಅವರು ಚೊಂಬನ್ನು ನನ್ನ ಕೈಯಿಂದ ತೆಗೆದುಕೊಂಡರು. "ನೀನು ಓಗಿ ನಿನ್ನ ಜಾಗದಾಗೆ ಕೂತ್ಕೊ" ಎಂದರು. ಕೂತೆ. ನೀರು ಹುಯ್ದರು. ವೈಪರ್ ಆಡಿತು.

"ನಿಂಗೆ ಕಾಣ್ತದಾ?"

"ಕಾಣ್ತದೆ."

"ಚೆನ್ನಾಗಿ?"

"ಚೆನ್ನಾಗಿ ಕಾಣ್ತದೆ ಕಣ್ರೀ."

ತಮ್ಮ ಸೀಟಿಗೆ ಹೋಗಿ ಕೂತು ನೋಡಲೇ ಇಲ್ಲ. ಬಲಗಡೆಯ ಗಾಜಿನ ಸುದ್ದಿಯನ್ನು ಅಲ್ಲಿಂದ ಮುಂದೆ ಅವರು ಎತ್ತಲೇ ಇಲ್ಲ. ಅಯ್ಯೋ ಶಿವನೇ ಎಂದು ಒಳಗೊಳಗೇ ಕೂಗಿಕೊಂಡೆ. ಇಷ್ಟರವರೆಗೆ ಅವರು ಓಡಿಸುತ್ತಾರೆ, ನಾನು ಸ್ವಲ್ಪ ನೆರವಾಗುತ್ತೇನೆ ಎಂಬ ಲೆಕ್ಕದಲ್ಲಿದ್ದೆ. ಆ ಎಡಗಡೆಯ ವೈಪರ್ ಬಂದ ಮೇಲೆ ಹದಿನಾಲ್ಕು ಹುಡುಗಿಯರ ಭಾರ ನನ್ನ ಎರಡು ಕಣ್ಣಿನ ಮೇಲೆ ಬಿತ್ತು. ಸ್ಟಿಯರಿಂಗ್ ಹಿಡಿಯುವುದು ಹೇಗೆ ಎಂದೂ ಗೊತ್ತಿಲ್ಲದವಳು ನಾನು.

ಆಮೇಲಿನ ಐದಾರು ವಾರ ಹೇಗೆ ಕಳೆದೆನೋ. ಬಿಸಿಲಿದ್ದ ದಿನ ಹೇಗೋ ನಡೆಯುತ್ತಿತ್ತು, ಅವರಿಗೆ ಆಕಾರಗಳಾದರೂ ಕಾಣುತ್ತಿದ್ದವು, ರಸ್ತೆ ಅಂಗೈಯಷ್ಟು ಪರಿಚಯ. ಮೋಡ ಕವಿದರೆ ಅದೂ ಇಲ್ಲ. ಮಧ್ಯಾಹ್ನ ಎರಡು ಗಂಟೆಗೆ ಫ್ಯಾಕ್ಟರಿಯ ತಗಡಿನ ಮೇಲೆ ಹನಿ ಬಿದ್ದರೆ ಸಾಕು, ತಂತಿ ಸುತ್ತುವ ಕೈ ತಪ್ಪುತ್ತಿತ್ತು. ಸೂಪರ್‌ವೈಸರ್ ಬೈಯುತ್ತಿದ್ದ. ಬೈಯಲಿ. ಇವತ್ತು ಹೇಳಿಬಿಡುತ್ತೇನೆ, ಗಾಡಿ ಹತ್ತಬೇಡಿ ಎಂದು ಹುಡುಗಿಯರಿಗೆಲ್ಲ ಹೇಳಿಬಿಡುತ್ತೇನೆ ಎಂದು ದಿನಾ ನಿಶ್ಚಯ ಮಾಡುತ್ತಿದ್ದೆ. ಐದೂವರೆಗೆ ಗೇಟಿನ ಹೊರಗೆ ಅವರು ವ್ಯಾನಿಗೆ ಒರಗಿಕೊಂಡು ನಿಂತಿರುತ್ತಿದ್ದರು, ಬಟ್ಟೆಯಿಂದ ಗಾಜು ಒರೆಸುತ್ತಾ. ಹುಡುಗಿಯರು "ಅಣ್ಣಾ" ಎಂದು ಓಡುತ್ತಿದ್ದರು. ನನ್ನ ನಿಶ್ಚಯ ಅಲ್ಲಿಗೆ ಮುಗಿಯುತ್ತಿತ್ತು. ಸುಮ್ಮನೆ ಹತ್ತಿ ಎಡಗಡೆ ಕೂರುತ್ತಿದ್ದೆ.

ಒಂದು ದಿನ ಮಧ್ಯಾಹ್ನವೇ ಕತ್ತಲಿಟ್ಟಿತ್ತು. ಗೇಟು ದಾಟುವ ಹೊತ್ತಿಗೆ ಧೋ ಎಂದು ಸುರಿಯಿತು. ಹುಡುಗಿಯರು ಒದ್ದೆ ಜಡೆ ಹಿಂಡಿಕೊಳ್ಳುತ್ತಾ, ಕಿಟಕಿ ಮುಚ್ಚುತ್ತಾ, ಗಲಾಟೆ ಮಾಡುತ್ತಾ ಕೂತರು. ತುಮಕೂರು ರಸ್ತೆಗೆ ಬಂದೆವು. ಎದುರಿನಿಂದ ಲಾರಿಗಳು, ಹಿಂದಿನಿಂದ ಲಾರಿಗಳು, ಪ್ರತಿಯೊಂದೂ ನಮ್ಮ ಮೇಲೆ ಒಂದು ಕೊಡ ಕೆಸರು ನೀರು ಎರಚಿಕೊಂಡು ಹೋಗುತ್ತಿತ್ತು. ಎರಡೂ ವೈಪರ್ ಬಡಬಡ ಬಡಿದುಕೊಳ್ಳುತ್ತಿದ್ದವು. ನಾನು ಸೀಟಿನ ಅಂಚಿಗೆ ಬಂದು, ಎರಡೂ ಕೈಯಲ್ಲಿ ಮುಂದಿನ ಕಂಬಿ ಹಿಡಿದುಕೊಂಡು ಒಂದೇ ಸಮ ಹೇಳುತ್ತಿದ್ದೆ.

"ಲಾರಿ ಬತ್ತಾ ಐತೆ. ಎಡಕ್ಕೆ. ಇನ್ನೊಸಿ ಎಡಕ್ಕೆ. ಸಾಕು. ಮುಂದೆ ಬಸ್ಸು ನಿಂತೈತೆ, ನಿಧಾನ. ಬಸ್ಸು ಹೊಂಟ್ತು. ಒಬ್ಬ ಛತ್ರಿ ಹಿಡ್ಕೊಂಡು ದಾಟ್ತಾವ್ನೆ..."

"ಕಂಡಕ್ಟರಮ್ಮ, ಟಿಕೆಟ್ ಕೊಡಮ್ಮ" ಎಂದು ಹಿಂದೆ ಆ ಮಾತಿನಮಲ್ಲಿ ಕೂಗಿದಳು.

ಆಗ ಟಕ್ ಎಂದಿತು. ನನ್ನ ಮುಂದಿನ ವೈಪರ್ ಅರ್ಧಕ್ಕೆ ಹೋಗಿ ನಿಂತುಬಿಟ್ಟಿತು. ಕಡ್ಡಿಯ ಕೀಲು ಕಳಚಿತ್ತು. ಕಣ್ಣು ಮಿಟುಕಿಸುವುದರಲ್ಲಿ ಗಾಜಿನ ತುಂಬ ನೀರು. ಲಾರಿ ಯಾವುದು, ರಸ್ತೆ ಯಾವುದು, ಮರ ಯಾವುದು, ಒಂದೂ ತಿಳಿಯದು. ನಾನು ಪೆದ್ದಿಯ ಹಾಗೆ ಸೆರಗಿನಿಂದ ಗಾಜನ್ನು ಒಳಗಿನಿಂದ ಉಜ್ಜಿದೆ. ಕಿಟಕಿ ಇಳಿಸೋಣವೆಂದರೆ ಹಿಡಿಕೆ ಬೆರಳಿಗೆ ಸಿಗುತ್ತಿಲ್ಲ. ಹೇಳಬೇಕು, ಏನಾದರೂ ಹೇಳಬೇಕು, ಏನೆಂದು ಹೇಳಲಿ? ಬಲಗಡೆಯ ವೈಪರ್ ಮಾತ್ರ ಆ ಲಾರಿ ಮೋಟಾರಿನ ರಭಸದಲ್ಲಿ ಅವರ ಗಾಜನ್ನು ಥಳಥಳ ಒರೆಸುತ್ತಲೇ ಇತ್ತು.

"ಮುಂದೆ ಏನೈತೆ?" ಎಂದರು.

ನಾನು ಮಾತಾಡಲಿಲ್ಲ.

"ಏನೈತೆ ಮುಂದೆ? ಯೋಳೇ!"

ಆ ದನಿ ನಾನು ಅವರ ಬಾಯಲ್ಲಿ ಎಂದೂ ಕೇಳಿರಲಿಲ್ಲ. ದಾರಿ ತಪ್ಪಿದ ಮಗುವಿನ ದನಿ ಅದು. ಮರುಕ್ಷಣ ಬ್ರೇಕಿನ ಮೇಲೆ ಎದ್ದು ನಿಂತವರ ಹಾಗೆ ತುಳಿದರು. ವ್ಯಾನು ನಡುರಸ್ತೆಯಲ್ಲಿ ಗಕ್ಕನೆ ನಿಂತಿತು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದರು, ಯಾರದೋ ಟಿಫಿನ್ ಕ್ಯಾರಿಯರ್ ಉರುಳಿಕೊಂಡು ಬಂದು ನನ್ನ ಕಾಲಿಗೆ ಬಡಿಯಿತು. ಹಿಂದೆ ಒಂದು ಲಾರಿಯ ಹಾರನ್ನು ಹತ್ತಿರ ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಕಣ್ಣು ಮುಚ್ಚಿಕೊಂಡೆ. ಗಾಡಿಯೆಲ್ಲ ಅಲುಗಾಡಿತು, ಲಾರಿ ನಮ್ಮ ಪಕ್ಕಕ್ಕೆ ಉಜ್ಜಿಕೊಂಡ ಹಾಗೆ ದಾಟಿಹೋಯಿತು. ಕ್ಲೀನರ್ ಏನೋ ಬೈದದ್ದು ಮಳೆಯಲ್ಲಿ ಕೇಳಿಸಿತು.

"ಏನಾಯ್ತಣ್ಣ? ಯಾಕಣ್ಣ ನಿಲ್ಲಿಸ್ಬಿಟ್ರಿ?" ಎಂದು ಹಿಂದೆ ಒಟ್ಟಿಗೆ ಕೂಗಿದರು.

ಆ ಮಾತಿನಮಲ್ಲಿ ಮುಂದಕ್ಕೆ ಬಗ್ಗಿ ನೋಡಿದಳು. "ಏನಿಲ್ಲ ಕಣ್ರೇ, ಅಕ್ಕನ ಕಡೆ ವೈಪರ್ ನಿಂತೋಯ್ತು" ಎಂದು ನಕ್ಕಳು. "ಅದಕ್ಯಾಕಣ್ಣ ಗಾಡಿ ನಿಲ್ಸೋದು? ನಿಮ್ಮ ಕಡೆದು ಓಡ್ತಾನೇ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಓಡುತ್ತಿದ್ದ ಬಲಗಡೆಯ ವೈಪರನ್ನು ನೋಡಿದಳು, ಅವರ ಮುಖ ನೋಡಿದಳು, ನನ್ನನ್ನು ನೋಡಿದಳು.

"ಇಳೀರಿ ಎಲ್ಲಾರೂ" ಎಂದೆ. ಅಂತೂ ಬಾಯಿ ಬಂದಿತ್ತು.

ಇಳಿದರು. ಹದಿನಾಲ್ಕು ಹುಡುಗಿಯರು ಆ ಮಳೆಯಲ್ಲಿ ಸೀರೆ ಎತ್ತಿ ಕಟ್ಟಿ ವ್ಯಾನನ್ನು ರಸ್ತೆಯ ಅಂಚಿಗೆ ತಳ್ಳಿದರು. ನಾನು ಮುಂದೆ ನಡೆಯುತ್ತಾ ಎಡಕ್ಕೆ, ಎಡಕ್ಕೆ ಎನ್ನುತ್ತಿದ್ದೆ, ಅವರು ಒಳಗೆ ಸ್ಟಿಯರಿಂಗ್ ತಿರುಗಿಸುತ್ತಿದ್ದರು. ನಿಲ್ಲಿಸಿದ ಮೇಲೆ ಯಾರೂ ವಾಪಸ್ ಹತ್ತಲಿಲ್ಲ. ತಮ್ಮ ತಮ್ಮ ಟಿಫಿನ್ ಕ್ಯಾರಿಯರ್ ತೆಗೆದುಕೊಂಡರು. "ಅಕ್ಕ, ಇಲ್ಲಿಂದೇನು ದೂರ, ನಾವು ನಡ್ಕೊಂಡು ಹೋಗ್ತೀವಿ" ಎಂದಳು ಆ ಹುಡುಗಿ. ಕಂಡಕ್ಟರಮ್ಮ ಎನ್ನಲಿಲ್ಲ. ನಮ್ಮನೆಯವರ ಮೇಲೆ ಕೂಗಾಡಿದವರೂ ಇಲ್ಲ, ಬೈದವರೂ ಇಲ್ಲ. ಒಬ್ಬಳು ಮಾತ್ರ ಅವರ ಕಿಟಕಿಯ ಹತ್ತಿರ ಹೋಗಿ, "ಬರ್ತೀವಣ್ಣ" ಎಂದಳು. ಅವರು ತಲೆಯಾಡಿಸಿದರು.

ನಾನು ಹತ್ತಿ ನನ್ನ ಜಾಗದಲ್ಲಿ ಕೂತೆ. ಅವರು ಕೈ ಚಾಚಿ ವೈಪರಿನ ಸ್ವಿಚ್ಚು ಆರಿಸಿದರು. ಎರಡೂ ಗಾಜಿನ ಮೇಲೆ ನೀರು ಇಳಿಯತೊಡಗಿತು.

"ನಿಂಗೆ ಯಾವಾಗಿಂದ ಗೊತ್ತು?" ಎಂದರು.

"ನಾನು ನಿಮ್ಮ ಸೀಟಲ್ಲಿ ಕೂತು ನೋಡಿದ ದಿನದಿಂದ."

"ಊಂ."

ನಾಳೆ ಆಸ್ಪತ್ರೆಗೆ ಹೋಗಣ ಎಂದೆ. ಹೋಗಣ ಎಂದರು. ಅಷ್ಟು ಸುಲಭವಾಗಿ ಒಪ್ಪಿಕೊಂಡರಲ್ಲ ಎಂದು ನನಗೆ ಸಿಟ್ಟೇ ಬಂತು. ಇಷ್ಟು ದಿನ ಯಾಕೆ ಒಪ್ಪಲಿಲ್ಲ, ಯಾರಾದರೂ ಸತ್ತಿದ್ದರೆ ಏನು ಗತಿ, ಆ ಮಕ್ಕಳ ಅಪ್ಪಂದಿರಿಗೆ ಯಾವ ಮುಖ ತೋರಿಸುತ್ತಿದ್ದಿರಿ ಎಂದು ಬಾಯಿಗೆ ಬಂದಂತೆ ಕೂಗಾಡಿದೆ. ಎರಡು ತಿಂಗಳಿನಿಂದ ಕಟ್ಟಿಟ್ಟಿದ್ದದ್ದೆಲ್ಲ ಹೊರಗೆ ಬಂತು. ಅವರು ಪೂರ್ತಿ ಕೇಳಿಸಿಕೊಂಡರು.

"ನಿಲ್ಲಿಸಾಣ ಅಂತ ದಿನಾ ಅನ್ಕೊಂತಿದ್ದೆ ಕಣೇ" ಎಂದರು ಆಮೇಲೆ. "ಮಳೆ ಬಂದಾಗ ನೀನು ಯೋಳಕ್ಕೆ ಸುರು ಮಾಡ್ತಿದ್ದೆ. ನೀನು ಯೋಳ್ತಿದ್ರೆ ಗಾಡಿ ಹೋಗೋದು. ನೀನು ಒಂದು ದಿನ, ಒಂದೇ ಒಂದು ದಿನ ಬಾಯಿ ಮುಚ್ಕೊಂಡು ಕೂತಿದ್ರೆ ಅವತ್ತೇ ನಿಲ್ಲಿಸ್ಬಿಡ್ತಿದ್ದೆ. ಇವತ್ತು ನಿಲ್ಲಿಸ್ಲಿಲ್ವಾ?"

ಅದರಲ್ಲಿ ಬೈಗುಳ ಇರಲಿಲ್ಲ. ಬೈದಿದ್ದರೆ ವಾಸಿಯಿತ್ತು, ತಿರುಗಿ ಬೈಯಬಹುದಿತ್ತು. ನಾನು ಪಕ್ಕದ ಕಿಟಕಿ ಇಳಿಸಿದೆ. ರಸ್ತೆಯ ಅಂಚಿನಲ್ಲಿ ಹುಡುಗಿಯರು ಒಬ್ಬರ ಹಿಂದೆ ಒಬ್ಬರು ಹೋಗುತ್ತಿದ್ದರು. ಲಾರಿ ಬಂದಾಗ ಕೈ ಕೈ ಹಿಡಿದುಕೊಂಡು ನಿಲ್ಲುತ್ತಿದ್ದರು, ಹೋದ ಮೇಲೆ ಮತ್ತೆ ನಡೆಯುತ್ತಿದ್ದರು. ನಾನು ಅವರನ್ನು ಕಾಯುತ್ತಿದ್ದೇನೆ ಎಂದುಕೊಂಡು ಅಷ್ಟು ದಿನ ಗಂಟಲು ಹರಿದುಕೊಂಡಿದ್ದೆ. ದಿನಾ ಬೆಳಿಗ್ಗೆ, ದಿನಾ ಸಂಜೆ ಅವರನ್ನು ಆ ಲಾರಿಗಳ ನಡುವೆ ತಂದು ಬಿಡುತ್ತಿದ್ದವಳು ನಾನೇ. ಇಳಿದು ಅವರ ಹಿಂದೆ ಓಡಬೇಕೆನಿಸಿತು. ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡು, ಕೊನೆಯವಳು ಮಳೆಯಲ್ಲಿ ಕಾಣದಾಗುವವರೆಗೆ ಅವರನ್ನೇ ನೋಡುತ್ತಾ ಕೂತೆ.